ಮುಂಬೈಗೆ ನಾಲ್ಕು ದಿನ: ಬೆಳಿಗ್ಗೆ ಬಂದರಿನ ಕಡೆ, ಸಂಜೆ ಕಡಲಿನ ಕಡೆ

ಪ್ರಶ್ನೆ: ನಾವು ಧಾರವಾಡದವರು. ಡಿಸೆಂಬರ್ ಮೂರನೇ ವಾರ ಮುಂಬೈ ನೋಡಲು ಹೊರಟಿದ್ದೇವೆ. ಭಾನುವಾರ ಬೆಳಿಗ್ಗೆ ದಾದರ್‌ನಲ್ಲಿ ಇಳಿದು ಬುಧವಾರ ರಾತ್ರಿ ವಾಪಸ್ ರೈಲು. ನಾನು, ನಮ್ಮ ಮನೆಯವರು, 11 ವರ್ಷದ ಮಗಳು, 6 ವರ್ಷದ ಮಗ, ಜೊತೆಗೆ 68 ವರ್ಷದ ನಮ್ಮ ತಾಯಿ. ತಾಯಿಗೆ ಮೊಣಕಾಲು ನೋವು. ಎಲ್ಲರೂ ಸಸ್ಯಾಹಾರಿಗಳು. ವಾಟ್ಸಾಪ್‌ನಲ್ಲಿ ಬಂದ 19 ಜಾಗಗಳ ಪಟ್ಟಿ ಇಟ್ಟುಕೊಂಡಿದ್ದೇನೆ. ಎಲ್ಲಿ ಉಳಿಯಬೇಕು, ಯಾವ ದಿನ ಏನು ನೋಡಬೇಕು? ಎಲಿಫೆಂಟಾಗೆ ತಾಯಿಯನ್ನು ಕರೆದುಕೊಂಡು ಹೋಗಬಹುದೇ? ಲೋಕಲ್ ರೈಲಿನಲ್ಲಿ ಮಕ್ಕಳ ಜೊತೆ ಓಡಾಡಲು ಭಯ. ಮಗನಿಗೆ ಒಂದೇ ಆಸೆ, ದೊಡ್ಡ ಹಡಗು ನೋಡಬೇಕಂತೆ.

ಉತ್ತರ: ಮೊದಲು ಆ ಪಟ್ಟಿಯ ವಿಷಯ. ಅದು ಹಳೆಯದು. ಅದರಲ್ಲಿರುವ ಎಸ್ಸೆಲ್‌ವರ್ಲ್ಡ್ ಎಂಬ ಆಟದ ಪಾರ್ಕ್ ಮುಚ್ಚಿ ವರ್ಷಗಳಾದವು. ತೆರೆದ ಮಾಡಿನ ಡಬಲ್ ಡೆಕ್ಕರ್ ಬಸ್ 2023ರ ಅಕ್ಟೋಬರ್‌ನಲ್ಲೇ ನಿಂತಿತು. ಉಳಿದ 17ರಲ್ಲಿ ನಿಮಗೆ ಬೇಕಾದ್ದು ಏಳೋ ಎಂಟೋ. ಜುಹು, ಸಿನಿಮಾ ನಟರ ಮನೆಗಳು, ಊರಾಚೆಯ ಪಗೋಡ, ಇವನ್ನೆಲ್ಲ ಸುಮ್ನೆ ಹೊಡೆದುಹಾಕಿ. ನಟರ ಮನೆ ಮುಂದೆ ನಿಂತರೆ ಕಾಣುವುದು ಗೇಟು ಮಾತ್ರ.

ಮುಂಬೈಯನ್ನು ನಕ್ಷೆಯಲ್ಲಿ ಒಮ್ಮೆ ನೋಡಿ. ನಾಲಿಗೆ ಚಾಚಿದ ಹಾಗೆ ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ಸಣಕಲು ಭೂಮಿ. ಅದರ ಪೂರ್ವಕ್ಕೆ ಬಂದರು, ಪಶ್ಚಿಮಕ್ಕೆ ತೆರೆದ ಅರಬ್ಬೀ ಸಮುದ್ರ. ಗೇಟ್‌ವೇ ಆಫ್ ಇಂಡಿಯಾ ಇರುವುದು ಬಂದರಿನ ಕಡೆ, ಮರೀನ್ ಡ್ರೈವ್ ಇರುವುದು ಕಡಲಿನ ಕಡೆ. ಬಹಳ ಜನ ಎರಡೂ ಒಂದೇ ನೀರು ಅಂದುಕೊಂಡು ಸಂಜೆ ಗೇಟ್‌ವೇಗೆ ಹೋಗಿ ಸೂರ್ಯಾಸ್ತ ಹುಡುಕುತ್ತಾರೆ. ಸೂರ್ಯ ಆಗ ತಾಜ್ ಹೋಟೆಲಿನ ಬೆನ್ನ ಹಿಂದೆ ಇರುತ್ತಾನೆ. ಫೋಟೊದಲ್ಲಿ ಗೇಟ್‌ವೇ ಕಪ್ಪಗೆ ಬರುತ್ತದೆ, ನಿಮ್ಮ ಮುಖಗಳೂ ಹಾಗೇ. ಅದಕ್ಕೇ ಬೆಳಿಗ್ಗೆ ಪೂರ್ವದ ಕಡೆ, ಸಂಜೆ ಪಶ್ಚಿಮದ ಕಡೆ. ಇಷ್ಟು ಹಿಡಿದುಕೊಂಡರೆ ಅರ್ಧ ಯೋಜನೆ ತಾನೇ ಆಗುತ್ತದೆ.

ಇನ್ನರ್ಧ ಕೆಡಿಸುವುದು ವಾರ. ನಿಮ್ಮ ನಾಲ್ಕೂ ದಿನಗಳಲ್ಲಿ ಒಂದೊಂದು ತೊಡಕಿದೆ. ಭಾನುವಾರ ಲೋಕಲ್ ರೈಲಿನ ಹಳಿ ರಿಪೇರಿಗೆಂದು ಮೆಗಾ ಬ್ಲಾಕ್ ಇರುತ್ತದೆ. ಸೋಮವಾರ ಎಲಿಫೆಂಟಾ ದ್ವೀಪದ ಗುಹೆಗಳಿಗೆ ರಜೆ. ಮಂಗಳವಾರ ಸಿದ್ಧಿವಿನಾಯಕನ ವಾರ, ಸರತಿ ಸಾಲು ರಸ್ತೆಗೆ ಬರುತ್ತದೆ. ಬುಧವಾರ ಬೈಕುಲಾದ ಪ್ರಾಣಿಸಂಗ್ರಹಾಲಯಕ್ಕೆ ರಜೆ. ನಾನು ಮುಂಬೈಗೆ ಬಂದ ಹೊಸತರಲ್ಲಿ ಅಕ್ಕ-ಭಾವ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಬುತ್ತಿ ಕಟ್ಟಿಕೊಂಡು ಎಲಿಫೆಂಟಾ ದೋಣಿ ಹತ್ತಲು ಗೇಟ್‌ವೇಗೆ ಹೋದದ್ದು ಸೋಮವಾರ! ಭಾವ ಇವತ್ತಿಗೂ ಯಾವುದೇ ಊರಿಗೆ ಹೊರಟರೂ ನನ್ನ ಮುಖ ನೋಡಿ "ಇವತ್ತು ಸೋಮವಾರ ಅಲ್ಲ ತಾನೇ?" ಅಂತ ಕೇಳುತ್ತಾರೆ. ಹಾಗಾಗಿ ನಿಮ್ಮ ಜಾಗಗಳನ್ನು ವಾರ ನೋಡಿಯೇ ಜೋಡಿಸಿದ್ದೇನೆ.

ಉಳಿಯಲು ದಾದರ್ ಅಥವಾ ಮಾಟುಂಗಾ ನೋಡಿ. ಕೊಲಾಬಾದಲ್ಲಿ ಅದೇ ದುಡ್ಡಿಗೆ ಸಿಗುವ ಕೋಣೆಯಲ್ಲಿ ಐದು ಜನರ ಚೀಲ ಇಟ್ಟರೆ ನೀವು ಹೊರಗೆ ನಿಲ್ಲಬೇಕು. ಕಡಿಮೆ ಬಾಡಿಗೆ ಅಂತ ನವಿ ಮುಂಬೈ, ಅಂಧೇರಿ ಕಡೆ ಹೋದರೆ ದಿನಕ್ಕೆ ಮೂರು ತಾಸು ಓಡಾಟಕ್ಕೇ ಹೋಗುತ್ತದೆ. ನಿಮ್ಮ ಕಡೆಯಿಂದ ಬರುವ ಚಾಲುಕ್ಯ, ಶರಾವತಿ ರೈಲುಗಳ ಕೊನೆಯ ನಿಲ್ದಾಣ ಹೇಗೂ ದಾದರ್. ಸೆಂಟ್ರಲ್, ವೆಸ್ಟರ್ನ್ ಎರಡೂ ಲೋಕಲ್ ಲೈನ್‌ಗಳು ಅಲ್ಲಿ ಸೇರುತ್ತವೆ. 2025ರ ಅಕ್ಟೋಬರ್‌ನಿಂದ ಮೆಟ್ರೊ 3 ಪೂರ್ತಿ ಓಡುತ್ತಿದೆ. ಕಫ್ ಪರೇಡ್‌ನಿಂದ ಆರೇವರೆಗೆ 33.5 ಕಿಲೋಮೀಟರ್, 27 ನಿಲ್ದಾಣ. ಅದರಲ್ಲೂ ದಾದರ್ ಇದೆ. ಲಿಫ್ಟ್, ಎಸಿ, ನೂಕುನುಗ್ಗಲು ಕಡಿಮೆ. ನಿಮ್ಮ ತಾಯಿಯವರ ಮಟ್ಟಿಗೆ ಇದೇ ದೊಡ್ಡ ಅನುಕೂಲ. ಒಂದು ಮಾತು: ದಾದರ್‌ನಲ್ಲಾಗಲಿ ಅದರ ದಕ್ಷಿಣಕ್ಕಾಗಲಿ ಆಟೊ ಹುಡುಕಬೇಡಿ. ಈಚೆ ಸಯಾನ್, ಆಚೆ ಮಾಹಿಮ್-ಬಾಂದ್ರಾ ದಾಟಿ ಆಟೊಗಳಿಗೆ ಪ್ರವೇಶವೇ ಇಲ್ಲ. ಕಪ್ಪು-ಹಳದಿ ಟ್ಯಾಕ್ಸಿ ಸಿಗುತ್ತದೆ, ಮೀಟರ್ ಹಾಕಿಸಿ.

ಭಾನುವಾರ ಬೆಳಿಗ್ಗೆ ಇಳಿದವರು ಸ್ನಾನ ಮಾಡಿ ಮಲಗಿ. ರೈಲಿನಲ್ಲಿ ನಿದ್ದೆ ಆಗಿರುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಮಾಟುಂಗಾ. ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್ ಹೊರಗೇ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರದ್ದು. ಮಾಟುಂಗಾ ನಮ್ಮವರ ಬಡಾವಣೆ, ಊರು ಬಿಟ್ಟು ಬಂದ ಒಂಟಿ ಹುಡುಗರಿಗೆ ಮನೆಯೂಟ ಹಾಕಿದ್ದು ಇಂಥ ಬೋರ್ಡಿಂಗ್‌ಗಳೇ. ಬಾಳೆ ಎಲೆ ಊಟ ಕೇಳಿ. ಭಾನುವಾರ ಕಾಯಬೇಕಾಗುತ್ತದೆ, ಸ್ವಲ್ಪ ಬೇಗ ಹೋಗಿ. ಮೊದಲ ಮಹಡಿ, ತಾಯಿಯವರನ್ನು ನಿಧಾನಕ್ಕೆ ಹತ್ತಿಸಿ. ಸೋಮವಾರ ಅದಕ್ಕೂ ರಜೆ, ಅದಕ್ಕೇ ಇವತ್ತೇ ಹೋಗಿ ಎನ್ನುತ್ತಿದ್ದೇನೆ. ಕಿಂಗ್ಸ್ ಸರ್ಕಲ್ ಕಡೆಯ ಕೆಫೆ ಮದ್ರಾಸ್‌ನಲ್ಲಿ ಮಂಗಳವಾರವೋ ಬುಧವಾರವೋ ಬೆಳಿಗ್ಗೆ ದೋಸೆ ತಿನ್ನಿ. ಹೆಸರು ಮದ್ರಾಸ್, 1940ರಲ್ಲಿ ಶುರು ಮಾಡಿದ ಕಾಮತರು ಮಾತ್ರ ನಮ್ಮ ಕಡೆಯವರು.

ಸಂಜೆ ನಾಲ್ಕರ ಮೇಲೆ ಮೆಟ್ರೊದಲ್ಲಿ ಸಿಎಸ್‌ಎಂಟಿಗೆ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ರೈಲು ನಿಲ್ದಾಣಕ್ಕೆ ಹೋಗಿ. ಮೆಗಾ ಬ್ಲಾಕ್‌ನ ತಲೆನೋವು ಇಲ್ಲ. ಭಾನುವಾರ ಆಫೀಸು-ಬ್ಯಾಂಕುಗಳ ಫೋರ್ಟ್ ಪ್ರದೇಶ ಖಾಲಿ. ಅಲ್ಲಿಯ ಕಟ್ಟಡಗಳನ್ನು ಕತ್ತೆತ್ತಿ ನೋಡಲು ಅದೇ ಸರಿಯಾದ ದಿನ. ಸಿಎಸ್‌ಎಂಟಿ ಕಟ್ಟಲು ಹತ್ತು ವರ್ಷ ಹಿಡಿಯಿತು, 1878ರಿಂದ 1887. ಮಗಳಿಗೆ ಒಂದು ಆಟ ಕೊಡಿ. ಗೋಡೆಯ ಮೇಲೆ ಕಲ್ಲಿನಲ್ಲಿ ಕೆತ್ತಿದ ಎಷ್ಟು ಪ್ರಾಣಿ ಸಿಗುತ್ತವೆ ಎಣಿಸಲಿ. ಗೇಟಿನ ಕಂಬಗಳ ಮೇಲಿನ ಸಿಂಹ ಮತ್ತು ಹುಲಿ ಎಲ್ಲರಿಗೂ ಸಿಗುತ್ತವೆ, ಮಿಕ್ಕವಕ್ಕೆ ಕಣ್ಣು ಚುರುಕಿರಬೇಕು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೊರಟದ್ದು ಇದೇ ಜಾಗದ ಬೋರಿ ಬಂದರ್‌ನಿಂದ. ಕತ್ತಲಾದ ಮೇಲೆ ಇಡೀ ಕಟ್ಟಡಕ್ಕೆ ದೀಪ ಹಾಕುತ್ತಾರೆ. ಎದುರಿನ ರಸ್ತೆಯಾಚೆ ನಿಂತು ನೋಡಿ, ಹತ್ತಿರ ಹೋದರೆ ಬರೀ ಜನ ಕಾಣುತ್ತಾರೆ. ಅಲ್ಲಿಂದ ಮರೀನ್ ಡ್ರೈವ್ ತುದಿಯ ಎನ್‌ಸಿಪಿಎ ರಂಗಮಂದಿರಕ್ಕೆ ನಗರ ಬಸ್ ಸಂಸ್ಥೆ ಬೆಸ್ಟ್‌ನ ಎ-115 ಎಲೆಕ್ಟ್ರಿಕ್ ಡಬಲ್ ಡೆಕ್ಕರ್ ಹೋಗುತ್ತದೆ. ಚಿಕ್ಕವನನ್ನು ಮೇಲೆ, ಮುಂದಿನ ಸೀಟಿನಲ್ಲಿ ಕೂರಿಸಿ. ಆ ದಿನಕ್ಕೆ ಅಷ್ಟು ಸಾಕು.

ಸೋಮವಾರ ಬೈಕುಲಾದ ರಾಣಿ ಬಾಗ್, ಅಂದರೆ ಪ್ರಾಣಿಸಂಗ್ರಹಾಲಯ. ಲೋಕಲ್ ರೈಲಿನ ಪಾಠ ಇಲ್ಲಿಂದ ಶುರು ಮಾಡಿ. ಭಯ ಬೇಡ, ಹೊತ್ತು ನೋಡಿ ಹತ್ತಿದರೆ ಆಯಿತು. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ದಕ್ಷಿಣಕ್ಕೆ ಹೋಗುವ ಗಾಡಿಗಳು ತುಂಬಿರುತ್ತವೆ. ಸಂಜೆ ಐದರಿಂದ ಒಂಬತ್ತರವರೆಗೆ ಉತ್ತರಕ್ಕೆ ಬರುವವು. ಈ ಎರಡು ಹೊತ್ತು ಬಿಟ್ಟರೆ ನಿಮಗೆ ಕೂರಲು ಜಾಗವೂ ಸಿಗಬಹುದು. ಹನ್ನೊಂದೂವರೆಗೆ ದಾದರ್ ಸೆಂಟ್ರಲ್‌ನಲ್ಲಿ ಸಿಎಸ್‌ಎಂಟಿ ಕಡೆಯ ಫಾಸ್ಟ್ ಹಿಡಿಯಿರಿ. ದಾದರ್ ಬಿಟ್ಟರೆ ಅದು ನಿಲ್ಲುವುದು ಬೈಕುಲಾದಲ್ಲೇ.

ಗಾಡಿ ನಿಲ್ಲುವುದು ಅರ್ಧ ನಿಮಿಷವೂ ಇಲ್ಲ. ನಿಂತ ಮೇಲೆ ಎದ್ದು ಬಾಗಿಲಿಗೆ ಬರೋಣ ಅಂದರೆ ಇಳಿಯಲು ಆಗುವುದಿಲ್ಲ. ಹಿಂದಿನ ಸ್ಟೇಷನ್ ಬಿಟ್ಟ ಕೂಡಲೇ ಎದ್ದು ಬಾಗಿಲ ಹತ್ತಿರ ಬನ್ನಿ. ಹೆಂಗಸರ ಡಬ್ಬ ಬೇರೆ ಇದೆ, ಆದರೆ ಮೊದಲ ದಿನವೇ ಎರಡು ಗುಂಪಾಗಬೇಡಿ. ಎಲ್ಲರೂ ಜನರಲ್ ಡಬ್ಬದಲ್ಲೇ ಹತ್ತಿ, ನೀವು ಹಿಂದೆ, ಮನೆಯವರು ಮುಂದೆ, ನಡುವೆ ತಾಯಿ ಮತ್ತು ಮಕ್ಕಳು. ಇನ್ನೊಂದು ನಿಯಮ ರಾತ್ರಿಯೇ ಎಲ್ಲರ ಕೈಲಿ ಬಾಯಿಪಾಠ ಮಾಡಿಸಿ. ಯಾರಾದರೂ ಪ್ಲಾಟ್‌ಫಾರ್ಮ್‌ನಲ್ಲಿ ಉಳಿದುಬಿಟ್ಟರೆ ಅವರು ಅಲ್ಲೇ ನಿಲ್ಲಬೇಕು, ಹತ್ತಿದವರು ಮುಂದಿನ ಸ್ಟೇಷನ್‌ನಲ್ಲಿ ಇಳಿದು ಹಿಂದಕ್ಕೆ ಬರಬೇಕು. ಇಬ್ಬರೂ ಹುಡುಕಲು ಹೊರಟರೆ ಕೆಟ್ಟಿತು. ನಮ್ಮ ನಾದಿನಿ ಒಮ್ಮೆ ದಾದರ್‌ನಲ್ಲಿ ಉಳಿದಿದ್ದಳು, ಅವಳ ಒಂದು ಚಪ್ಪಲಿ ಮಾತ್ರ ನಮ್ಮ ಜೊತೆ ಗಾಡಿಯಲ್ಲಿ ಬಂತು. ಈ ನಿಯಮ ಗೊತ್ತಿದ್ದದ್ದಕ್ಕೆ ಇಪ್ಪತ್ತು ನಿಮಿಷದಲ್ಲಿ ಸಿಕ್ಕಳು. ಮಕ್ಕಳ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡಿ.

ರಾಣಿ ಬಾಗ್‌ನಲ್ಲಿ ಮಕ್ಕಳು ಪೆಂಗ್ವಿನ್ ಹತ್ತಿರ ಬೀಡು ಬಿಡುತ್ತಾರೆ. 2016ರಲ್ಲಿ ದಕ್ಷಿಣ ಕೊರಿಯಾದಿಂದ ತಂದ ಹಂಬೋಲ್ಟ್ ಪೆಂಗ್ವಿನ್‌ಗಳ ಸಂಸಾರ ಅದು. ಆದರೆ ನಾನು ನಿಮ್ಮನ್ನು ಅಲ್ಲಿಗೆ ಕಳಿಸುತ್ತಿರುವುದು ಕಲ್ಲಿನ ಆನೆಗೆ. ಅದೇ ಆವರಣಕ್ಕೆ ಅಂಟಿಕೊಂಡಂತೆ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ಇದೆ, ಅದರ ಪಕ್ಕದ ಅಂಗಳದಲ್ಲಿ ಒಂದು ದೊಡ್ಡ ಕಪ್ಪು ಆನೆ ನಿಂತಿದೆ. ಅದರ ಮೂಲ ಊರು ಘಾರಾಪುರಿ ದ್ವೀಪ. ಪೋರ್ಚುಗೀಸರು ದಡಕ್ಕೆ ಬಂದಾಗ ಈ ಆನೆಯನ್ನು ಕಂಡೇ ದ್ವೀಪಕ್ಕೆ ಎಲಿಫೆಂಟಾ ಎಂದು ಕರೆದದ್ದು. 1864ರಲ್ಲಿ ಬ್ರಿಟಿಷರು ಇದನ್ನು ಇಂಗ್ಲೆಂಡಿಗೆ ಸಾಗಿಸಲು ಹೊರಟರು. ಎತ್ತುವಾಗ ಕ್ರೇನ್ ಮುರಿದು ಆನೆ ಚೂರಾಯಿತು. ಚೂರುಗಳನ್ನು ಇಲ್ಲಿಗೆ ತಂದು 1914ರಲ್ಲಿ ಮತ್ತೆ ಜೋಡಿಸಿದರು. ಮೈಮೇಲೆ ಬೆಸುಗೆಯ ಗೆರೆಗಳನ್ನು ಹುಡುಕಿ. ಇವತ್ತು ಆನೆ ನೋಡಿ ನಾಳೆ ಅದರ ಮನೆಗೆ ಹೋದರೆ ಮಕ್ಕಳಿಗೆ ಎಲಿಫೆಂಟಾ ಬರೀ ಕಲ್ಲು ಅನ್ನಿಸುವುದಿಲ್ಲ.

ಅಲ್ಲಿಂದ ಟ್ಯಾಕ್ಸಿ ಮಾಡಿ ಗಿರ್‌ಗಾಂವ್ ಚೌಪಾಟಿಗೆ ನಾಲ್ಕೂವರೆ, ಐದರ ಒಳಗೆ ಮುಟ್ಟಿ. ಡಿಸೆಂಬರ್‌ನಲ್ಲಿ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಭೇಲ್ ತಿನ್ನಿ, ಕುಲ್ಫಿ ತಿನ್ನಿ, ನೀರಿಗೆ ಮಾತ್ರ ಇಳಿಯಬೇಡಿ. ಅಲ್ಲಿಯ ನೀರು ನೋಡುವುದಕ್ಕೆ, ಸ್ನಾನಕ್ಕಲ್ಲ. ಮರೀನ್ ಡ್ರೈವ್ ಕಟ್ಟೆಯ ಮೇಲೆ ತಾಯಿಯವರು ಎಷ್ಟು ಹೊತ್ತು ಬೇಕಾದರೂ ಕೂರಬಹುದು, ಯಾರೂ ಎಬ್ಬಿಸುವುದಿಲ್ಲ. ಈ ಊರಿನಲ್ಲಿ ಬಿಟ್ಟಿ ಸಿಗುವ ಸುಖ ಅದೊಂದೇ. ಕಟ್ಟೆಯಾಚೆಯ ಕಾಂಕ್ರೀಟ್ ಮುಳ್ಳುಗಳ ಮೇಲೆ ಹುಡುಗರು ಇಳಿದು ಸೆಲ್ಫಿ ತೆಗೆಯುತ್ತಿರುತ್ತಾರೆ, ನಿಮ್ಮ ಮಕ್ಕಳನ್ನು ಬಿಡಬೇಡಿ. ವಾಪಸ್ ಬರುವಾಗ ಲೋಕಲ್ ಬೇಡ, ಅದು ಜನರು ಮನೆಗೆ ಹೋಗುವ ಹೊತ್ತು. ಚರ್ಚ್‌ಗೇಟ್‌ನಿಂದ ಮೆಟ್ರೊ ಹಿಡಿಯಿರಿ.

ಮಂಗಳವಾರ ಎಲಿಫೆಂಟಾ. ತಾಯಿಯವರನ್ನು ಕರೆದುಕೊಂಡು ಹೋಗಬಹುದೇ ಎಂದು ಕೇಳಿದ್ದೀರಿ. ಹೋಗಬಹುದು, ಆದರೆ ಕಷ್ಟ ಎಲ್ಲಿದೆ ಎಂದು ಗೊತ್ತಿರಲಿ. ಎಲ್ಲರೂ ಹೆದರುವುದು ದ್ವೀಪದ 120 ಮೆಟ್ಟಿಲಿಗೆ. ಅದಕ್ಕೆ ದಾರಿ ಇದೆ. ದೋಣಿಕಟ್ಟೆಯಿಂದ ಮೆಟ್ಟಿಲ ಬುಡದವರೆಗೆ ಪುಟ್ಟ ರೈಲು ಓಡುತ್ತದೆ, ಬುಡದಲ್ಲಿ ಕುರ್ಚಿಯ ಡೋಲಿ ಹೊರುವವರು ಇರುತ್ತಾರೆ. ಹೋಗಿ ಬರಲು ಸೇರಿಸಿ ದರ ಮೊದಲೇ ಮಾತಾಡಿಕೊಳ್ಳಿ. ನಿಜವಾದ ಕಷ್ಟ ಗೇಟ್‌ವೇಯಲ್ಲಿ ಲಾಂಚ್ ಹತ್ತುವುದು. ಸಮುದ್ರ ಇಳಿದಿದ್ದರೆ ಕಲ್ಲಿನ ಮೆಟ್ಟಿಲನ್ನು ಕೆಳಗಿನತನಕ ಇಳಿಯಬೇಕು. ಆ ಕೆಳಗಿನ ಮೆಟ್ಟಿಲುಗಳಿಗೆ ಪಾಚಿ ಹಿಡಿದಿರುತ್ತದೆ. ಲಾಂಚ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಓಲಾಡುತ್ತಿರುತ್ತದೆ. ದೋಣಿಯ ಹುಡುಗ ಮೊಣಕೈ ಹಿಡಿದು "ಚಲೋ ಚಲೋ" ಅಂತ ಎಳೆಯುತ್ತಾನೆ. ಮೊಣಕಾಲು ನೋವಿನವರು ಗಾಬರಿಯಾಗುವುದು ಅಲ್ಲಿ. ಉಬ್ಬರ ಬಂದಿದ್ದರೆ ದೋಣಿಯ ಅಂಚು ಮೆಟ್ಟಿಲ ಮಟ್ಟಕ್ಕೆ ಏರಿರುತ್ತದೆ, ಒಂದು ಹೆಜ್ಜೆ ಅಷ್ಟೇ.

ಹಾಗಾಗಿ ಹಿಂದಿನ ರಾತ್ರಿ ಮೊಬೈಲಿನಲ್ಲಿ ಮುಂಬೈಯ ಉಬ್ಬರ-ಇಳಿತದ ಸಮಯ ನೋಡಿ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರವಿದ್ದರೆ ಇಲ್ಲಿ ಮಧ್ಯಾಹ್ನ ಹನ್ನೆರಡು, ಒಂದರ ಸುಮಾರಿಗೆ ನೀರು ತುಂಬುತ್ತದೆ, ಸಂಜೆ ಆರೇಳಕ್ಕೆ ತೀರಾ ಇಳಿಯುತ್ತದೆ. ಮುಂದಕ್ಕೆ ದಿನಕ್ಕೆ ಮುಕ್ಕಾಲು, ಒಂದು ತಾಸು ತಡವಾಗುತ್ತ ಹೋಗುತ್ತದೆ. ಮೊದಲ ಲಾಂಚ್ ಒಂಬತ್ತಕ್ಕೆ, ಆಮೇಲೆ ಅರ್ಧ ಗಂಟೆಗೊಂದು. ಇಳಿತದ ಹೊತ್ತು ಬಿಟ್ಟು ಹತ್ತಲು, ಇಳಿಯಲು ಬರುವ ಹಾಗೆ ಯಾವ ಲಾಂಚ್ ಎಂದು ನೀವೇ ಲೆಕ್ಕ ಹಾಕಿ. ಟಿಕೆಟ್ ಕೌಂಟರಿನಲ್ಲೇ ಕೊಳ್ಳಿ, ಕೈಲಿ ಪುಸ್ತಕ ಹಿಡಿದು ಬರುವವರ ಹತ್ತಿರ ಬೇಡ. ಲಾಂಚ್‌ನ ಮೇಲಿನ ಮಹಡಿಗೆ ಬೇರೆ ದುಡ್ಡು ಕೇಳುತ್ತಾರೆ, ತಾಯಿಯವರಿಗೆ ಕೆಳಗೇ ಒಳ್ಳೆಯದು. ಲೈಫ್ ಜಾಕೆಟ್ ಹಾಕಿಕೊಳ್ಳದೆ ಕೂರಬೇಡಿ. 2024ರ ಡಿಸೆಂಬರ್‌ನಲ್ಲಿ ಇದೇ ದಾರಿಯಲ್ಲಿ ನೌಕಾಪಡೆಯ ಸ್ಪೀಡ್‌ಬೋಟ್ ಲಾಂಚ್ ಒಂದಕ್ಕೆ ಡಿಕ್ಕಿ ಹೊಡೆದು ಜನ ಸತ್ತಿದ್ದರು. ಆರು ವರ್ಷದವನ ಅಳತೆಯ ಜಾಕೆಟ್ ಕೇಳಿ ಪಡೆಯಿರಿ, ದೊಡ್ಡದನ್ನು ಕೊಟ್ಟರೆ ಅದು ತಲೆ ಮೇಲಿಂದ ಜಾರುತ್ತದೆ.

ದೋಣಿ ಬಿಟ್ಟ ಹತ್ತು ನಿಮಿಷಕ್ಕೆ ಹಿಂದಕ್ಕೆ ತಿರುಗಿ ನೋಡಿ. ಬೆಳಗಿನ ಬಿಸಿಲು ನೇರ ಬಿದ್ದು ಗೇಟ್‌ವೇ ಜೇನಿನ ಬಣ್ಣಕ್ಕೆ ಬಂದಿರುತ್ತದೆ, ಪಕ್ಕದಲ್ಲಿ 1903ರ ತಾಜ್. ನಿಮಗೆ ಬೇಕಾದ ಫೋಟೊ ಅದೇ. 1911ರಲ್ಲಿ ಬ್ರಿಟನ್ನಿನ ರಾಜ-ರಾಣಿ ಬಂದಿಳಿದ ನೆನಪಿಗೆ ಕಟ್ಟಿದ ಕಮಾನು ಇದು. ಮುಗಿದದ್ದು 1924ಕ್ಕೆ. 1948ರ ಫೆಬ್ರವರಿ 28ರಂದು ಕೊನೆಯ ಬ್ರಿಟಿಷ್ ಪಡೆ ಊರಿಗೆ ಹೊರಟದ್ದೂ ಇದರ ಕೆಳಗಿಂದಲೇ.

ದ್ವೀಪದಲ್ಲಿ ಕೋತಿಗಳಿವೆ. ನೀರಿನ ಬಾಟಲಿ, ಸೌತೆಕಾಯಿ ಯಾವುದೂ ಕೈಯಲ್ಲಿ ಕಾಣಬಾರದು. ದೊಡ್ಡದು ಮೊದಲನೆಯ ಗುಹೆ, ಸಮಯವೆಲ್ಲ ಅದಕ್ಕೇ ಕೊಡಿ, ಉಳಿದವು ಅರ್ಧ ಕೊರೆದು ಬಿಟ್ಟ ಹಾಗಿವೆ. ಒಳಗೆ ಕಾಲಿಟ್ಟಾಗ ಏನೂ ಕಾಣುವುದಿಲ್ಲ. ಎರಡು ನಿಮಿಷ ಸುಮ್ಮನೆ ನಿಲ್ಲಿ. ಕಣ್ಣು ಪಳಗಿದ ಮೇಲೆ ಕತ್ತಲಿನಿಂದ ಸದಾಶಿವ ನಿಧಾನಕ್ಕೆ ಮುಂದೆ ಬರುತ್ತಾನೆ, ಸುಮಾರು 20 ಅಡಿ ಎತ್ತರ. ನಿಮ್ಮ ಎಡಕ್ಕೆ ಮೀಸೆಯ ಅಘೋರ, ಬಲಕ್ಕೆ ಕಮಲ ಹಿಡಿದ ಸೌಮ್ಯ ಮುಖ, ನಡುವೆ ಕಣ್ಣು ಮುಚ್ಚಿದ ಶಾಂತ ಮುಖ. ಸುತ್ತ ಗೋಡೆಯಲ್ಲಿ ಅರ್ಧನಾರೀಶ್ವರ, ಗಂಗಾಧರ, ಶಿವ-ಪಾರ್ವತಿಯರ ಮದುವೆ, ಕೈಲಾಸ ಅಲ್ಲಾಡಿಸುವ ರಾವಣ. ಇಲ್ಲಿ ಗೈಡ್ ಬೇಕಿಲ್ಲ. ತಾಯಿಯವರಿಗೆ ಈ ಕಥೆಗಳೆಲ್ಲ ಬರುತ್ತವೆ ಅಲ್ವಾ? ಒಂದೊಂದು ಶಿಲ್ಪದ ಮುಂದೆ ಕೂರಿಸಿ ಮೊಮ್ಮಕ್ಕಳಿಗೆ ಅವರ ಕೈಲೇ ಹೇಳಿಸಿ. ಡೋಲಿ ಮಾಡಿ ಅವರನ್ನು ಮೇಲೆ ಕರೆತಂದದ್ದಕ್ಕೆ ಅದೇ ಸಂಪಾದನೆ.

ಬಾದಾಮಿ ನೋಡಿದ್ದರೆ ಇನ್ನೊಂದು ಸ್ವಾರಸ್ಯ ಇದೆ. ಅಲ್ಲೂ ನಟರಾಜ, ಅಲ್ಲೂ ಅರ್ಧನಾರೀಶ್ವರ, ಕಾಲವೂ ಹತ್ತಿರ ಹತ್ತಿರ ಒಂದೇ, 6ನೆಯ ಶತಮಾನ. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಉಳಿ ನಯವಾಗಿ ಓಡಿದೆ. ಇಲ್ಲಿಯದು ಕಪ್ಪು ಲಾವಾ ಕಲ್ಲು, ಎಲ್ಲವೂ ದಪ್ಪ, ಭಾರ. 634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮದ್ದಾನೆಗಳಂಥ ನೂರಾರು ಹಡಗುಗಳಿಂದ ಮುತ್ತಿದ ಎಂದಿದೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ನೀವು ಚಾಲುಕ್ಯ ಎಕ್ಸ್‌ಪ್ರೆಸ್‌ನಲ್ಲಿ ಬರುವವರಾದರೆ ಮಗಳಿಗೆ ಇದನ್ನು ಹೇಳಲೇಬೇಕು.

ಕೊನೆಯ ಲಾಂಚ್‌ಗೆ ಕಾಯಬೇಡಿ. ಮೂರರೊಳಗೆ ಗೇಟ್‌ವೇಗೆ ಬಂದರೆ ರಶ್ ಶುರುವಾಗುವ ಮೊದಲು ಕೋಣೆ ಸೇರಬಹುದು. ಸಂಜೆಗೆ ಏನೂ ಇಟ್ಟುಕೊಳ್ಳಬೇಡಿ.

ಬುಧವಾರ ಬೆಳಿಗ್ಗೆ ಬೇಗ ಸಿದ್ಧಿವಿನಾಯಕ. ಮಂಗಳವಾರದ ಜಾತ್ರೆ ಕರಗಿರುತ್ತದೆ, ಮೆಟ್ರೊ ನಿಲ್ದಾಣದ ಹೆಸರೇ ಸಿದ್ಧಿವಿನಾಯಕ. ಆಮೇಲೆ ಎರಡರಲ್ಲಿ ಒಂದು ಆರಿಸಿ. ವರ್ಲಿಯ ನೆಹರು ವಿಜ್ಞಾನ ಕೇಂದ್ರವನ್ನು ಚಿಕ್ಕವನು ಬಿಟ್ಟು ಬರುವುದಿಲ್ಲ, ಮುಟ್ಟಿ ಆಡುವ ಯಂತ್ರಗಳೇ ತುಂಬಿವೆ. ಅದಕ್ಕೂ ಅದೇ ಮೆಟ್ರೊ. ಇಲ್ಲವೇ ಗೇಟ್‌ವೇ ಹತ್ತಿರದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. ಗೇಟ್‌ವೇ ವಿನ್ಯಾಸ ಮಾಡಿದ ಜಾರ್ಜ್ ವಿಟೆಟ್‌ನದೇ ಕಟ್ಟಡ. ಗುಮ್ಮಟದ ಒಳಗಿನ ಕಮಾನುಗಳಿಗೆ ವಿಜಯಪುರದ ಗೋಲ ಗುಮ್ಮಟ ಮಾದರಿ. ನನ್ನನ್ನು ಕೇಳಿದರೆ ಮ್ಯೂಸಿಯಂ ಅನ್ನುತ್ತೇನೆ, ನಿಮ್ಮ ಮಗ ಒಪ್ಪಲಾರ. ಹಾಜಿ ಅಲಿಗೂ ಹೋಗುವ ಮನಸ್ಸಿದ್ದರೆ ಅದೇ ಉಬ್ಬರದ ಪಟ್ಟಿ ನೋಡಿ. ನೀರು ಏರಿದಾಗ ದರ್ಗಾದ ದಾರಿ ಮುಳುಗುತ್ತದೆ.

ಈಗ ದೊಡ್ಡ ಹಡಗು. ಅದಕ್ಕೆ ಬೇರೆ ಟಿಕೆಟ್ ಬೇಡ, ಎಲಿಫೆಂಟಾ ಲಾಂಚ್‌ನಲ್ಲೇ ಸಿಗುತ್ತದೆ. ಹೋಗುವಾಗ ಅವನನ್ನು ಎಡಗಡೆ ಕಟಕಟೆ ಪಕ್ಕ ಕೂರಿಸಿ, ಅಂಗಿ ಹಿಡಿದುಕೊಂಡಿರಿ. ಮೊದಲು ನೌಕಾಪಡೆಯ ಬೂದು ಹಡಗುಗಳು ಬರುತ್ತವೆ, ಅವುಗಳ ಫೋಟೊ ತೆಗೆಯಬೇಡಿ. ಆಮೇಲೆ ಎಣ್ಣೆ ಇಳಿಸುವ ಜವಾಹರ್ ದ್ವೀಪಕ್ಕೆ ಒರಗಿ ನಿಂತ ಟ್ಯಾಂಕರ್‌ಗಳು. ಚಳಿಗಾಲವಾದ್ದರಿಂದ ಕಡಲಹಕ್ಕಿಗಳು ದೋಣಿಯ ಹಿಂದೆಯೇ ಕಿರುಚುತ್ತ ಬರುತ್ತವೆ. ದ್ವೀಪ ಹತ್ತಿರವಾದಂತೆ ಬಲಕ್ಕೆ ತಿರುಗಿಸಿ, ನ್ಹಾವಾ ಶೇವಾ ಬಂದರಿನ ಕ್ರೇನ್‌ಗಳ ಸಾಲು ಕಾಣುತ್ತದೆ. ಅವುಗಳ ಕೆಳಗೆ ಕಂಟೇನರ್ ಪೆಟ್ಟಿಗೆ ಪೇರಿಸಿಕೊಂಡು ಹಡಗುಗಳು ನಿಂತಿರುತ್ತವಲ್ಲ, ಅವು ಎಲ್ಲಕ್ಕಿಂತ ದೊಡ್ಡವು. ಒಂದೊಂದು ಪೆಟ್ಟಿಗೆಯೂ ಒಂದು ಲಾರಿಯ ಹೊರೆ ಎಂದು ಹೇಳಿ, ಎಣಿಸುತ್ತ ಕೂರುತ್ತಾನೆ.